ಸುಧಾರಾಣಿಯ ‘ಹಮಾಲಿ’ ಕಣಕ್ಕಿಳಿದಾಗ

ಸಿರುಗುಪ್ಪದ ಅಕ್ಕಿ ಗಿರಣಿಗಳ ಸಾಲಿನಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಾತ್ರಿ ಪಾಳಿಯವರು ತಲೆಯ ಮೇಲೆ, ಹುಬ್ಬಿನ ಮೇಲೆ ಕೂತ ತೌಡಿನ ಪುಡಿಯನ್ನು ಟವೆಲಿನಿಂದ ಕೊಡವಿಕೊಳ್ಳುತ್ತ ಚಹಾದಂಗಡಿಯ ಕಡೆ ಹೊರಟಿದ್ದಾರೆ. ಕಾಡಸಿದ್ದಪ್ಪನವರ ಗಿರಣಿಯಲ್ಲಿ ಯಂತ್ರಗಳೆಲ್ಲ ಸುಮ್ಮನಾಗಿವೆ. ಮೇಲಿನ ಅಂತಸ್ತಿನಲ್ಲಿ ಬೀರುವಿನಷ್ಟು ದೊಡ್ಡ ಪೆಟ್ಟಿಗೆಯೊಂದರ ಬಾಗಿಲು ತೆರೆದಿದೆ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟ ಹೆಣ್ಣುಮಗಳೊಬ್ಬರು ಅದರೊಳಗೆ ಭುಜದ ತನಕ ಕೈ ತೂರಿಸಿ, ಕಣ್ಣು ಮುಚ್ಚಿಕೊಂಡು ಏನನ್ನೋ ತಡಕಾಡುತ್ತಿದ್ದಾರೆ. ನಾನು ನಮಸ್ಕಾರ ಎನ್ನುತ್ತೇನೆ. ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡಿರುವುದರಿಂದ ಉತ್ತರ ಬರುವುದಿಲ್ಲ.

ಇವರು ಸುಧಾರಾಣಿ. ವಯಸ್ಸು ಮೂವತ್ತಾರು. ಮನೆ ಕುರುಗೋಡಿನಲ್ಲಿ, ರಿಪೇರಿ ಅಂಗಡಿ ಬಳ್ಳಾರಿಯ ಗಾಂಧಿನಗರದಲ್ಲಿ, ತವರು ಇಲ್ಲೇ ಪಕ್ಕದ ದೇಶನೂರಿನಲ್ಲಿ. ಗಿರಣಿಯ ಕೆಲಸವಿದ್ದರೆ ಹಿಂದಿನ ಸಂಜೆಯೇ ತವರಿಗೆ ಬಂದುಬಿಡುತ್ತಾರೆ. ಏಕೆಂದರೆ ಗಿರಣಿಯವರು ಯಂತ್ರ ನಿಲ್ಲಿಸುವುದು ಪಾಳಿ ಬದಲಾಗುವ ಈ ನಸುಕಿನಲ್ಲಿ ಮಾತ್ರ. ಮಧ್ಯಾಹ್ನಕ್ಕೆ ಬಳ್ಳಾರಿ, ಸಂಜೆಗೆ ಕುರುಗೋಡು. ಈ ಮೂರೂರ ಬಸ್ಸಿನ ಕಂಡಕ್ಟರುಗಳಿಗೆಲ್ಲ ಅವರ ಕೈಚೀಲದ ಭಾರ ಗೊತ್ತು.

“ಅಲ್ರಿ ಸರ, ರಿಪೇರಿ ನೋಡಾಕ ಇಷ್ಟು ನಸಿಕಿನ್ಯಾಗ ಬಂದ್ರೇನು?” ಸ್ಕ್ರೂ ಅದರ ಜಾಗ ಸೇರಿದ ಮೇಲೆ ಕೇಳುತ್ತಾರೆ. “ಇದ್ರಾಗ ನೋಡಾಕ ಏನೈತಿ? ಕೈ ಮಸಿ ಆಗೋದೊಂದ ಕಾಣ್ತೈತಿ.”

ಪೆಟ್ಟಿಗೆಯ ಹೆಸರು ಕಲರ್ ಸಾರ್ಟರ್. ಅಕ್ಕಿ ಮೇಲಿನಿಂದ ತೆಳುವಾದ ಪರದೆಯಂತೆ ಇಳಿದು ಬರುತ್ತದೆ. ಎರಡೂ ಬದಿಗೆ ಕ್ಯಾಮೆರಾ ಕಣ್ಣುಗಳು ಕೂತಿರುತ್ತವೆ. ಕಪ್ಪು ಕಾಳು, ಹಳದಿ ಕಾಳು, ಕಲ್ಲಿನ ಚೂರು ಯಾವುದು ಕಂಡರೂ ಕೆಳಗಿನ ಸಣ್ಣ ಗಾಳಿಕೊಳವೆ ಪಿಟ್ಟೆಂದು ಊದಿ ಅದನ್ನು ಆಚೆಗೆ ಒದೆಯುತ್ತದೆ. ಕೆಲಸ ಶುರುವಾಗುವ ಮುಂಚೆ ಯಂತ್ರವು ಒಳಗಿನ ಬಿಳಿಯ ಪಟ್ಟಿಯೊಂದನ್ನು ನೋಡಿಕೊಂಡು, ‘ಒಳ್ಳೆಯದೆಂದರೆ ಹೀಗಿರುತ್ತದೆ’ ಎಂದು ಕಲಿಯುತ್ತದೆ. ಬಾಗಿಲು ಮುಚ್ಚಿ ಗುಂಡಿ ಒತ್ತಿದ ಸುಧಾರಾಣಿ ಅಕ್ಕಿ ಬಿಡಲು ಮಾತ್ರ ಒಪ್ಪುವುದಿಲ್ಲ.

“ಚಾ ಕುಡದು ಬರೂತನ ಹಂಗ ಬಿಡ್ರಿ. ದೀಪ ಕಾಯಬೇಕು. ತಣ್ಣಗಿದ್ದಾಗ ಅಕ್ಕಿ ಬಿಟ್ರ ಬಿಳೇದನ್ನೂ ಒದೀತೈತಿ,” ಎನ್ನುತ್ತಾರೆ. ಯಾವ ಯಂತ್ರವನ್ನಾದರೂ ಮೊದಲು ಹಚ್ಚಿ, ಕಾಯಿಸಿ, ಆಮೇಲೆ ಕೆಲಸಕ್ಕೆ ಹಚ್ಚುವುದು ಗಿರಣಿಯ ಪದ್ಧತಿ. ಈ ಪದ್ಧತಿ ಅವರ ಮೈಗಂಟಿದೆ. ಅದು ಅವರನ್ನು ಒಮ್ಮೆ ನೂರಾರು ಜನರೆದುರು ನಗೆಪಾಟಲಿಗೆ ಈಡುಮಾಡಿದೆ ಕೂಡ. ಆ ಕತೆಗೆ ಬರುತ್ತೇನೆ.

ನಾನು ಇಷ್ಟು ದೂರ ಬಂದದ್ದು ಸಾರ್ಟರ್ ನೋಡಲು ಅಲ್ಲ. ಸುಧಾರಾಣಿ ಸುಮೊ ರೋಬೊ ಕಟ್ಟುತ್ತಾರೆ, ಅದರ ಬೋರ್ಡನ್ನೂ ತಾವೇ ಮಾಡುತ್ತಾರೆ ಎಂದು ಕೇಳಿ ಬಂದೆ. ಸುಮೊ ಅಂದರೆ ನನಗೆ ಗೊತ್ತಿದ್ದದ್ದು ಟಿವಿಯಲ್ಲಿ ಕಂಡ ಜಪಾನಿನ ಆನೆಮೈಯ ಪೈಲ್ವಾನರು. ರೋಬೊ ಸುಮೊದಲ್ಲಿ ಪೈಲ್ವಾನ ಅಂಗೈ ಮೇಲೆ ಕೂರುತ್ತಾನೆ. ತೂಕ ಅರ್ಧ ಕಿಲೊ ದಾಟಬಾರದು. ಎರಡೂವರೆ ಅಡಿ ಅಗಲದ ದುಂಡನೆಯ ಕಪ್ಪು ಹಲಗೆಯೇ ಕಣ, ಸುತ್ತಲೂ ಬಿಳಿಯ ಅಂಚು. ಎರಡು ರೋಬೊಗಳನ್ನು ಎದುರುಬದುರು ಇಟ್ಟು ಕೈ ಬಿಟ್ಟರೆ ಆಯಿತು; ರಿಮೋಟ್ ಇಲ್ಲ, ಯಾರೂ ಮುಟ್ಟುವಂತಿಲ್ಲ. ಎದುರಾಳಿಯನ್ನು ತಾನೇ ಹುಡುಕಬೇಕು, ಅಂಚು ಕಂಡರೆ ತಾನೇ ಹಿಂದೆ ಸರಿಯಬೇಕು, ಇನ್ನೊಂದನ್ನು ಕಣದಿಂದ ಹೊರಗೆ ನೂಕಬೇಕು. ಮಣ್ಣಿಲ್ಲ, ಲಂಗೋಟಿ ಇಲ್ಲ, ಆದರೂ ಪಕ್ಕಾ ಕುಸ್ತಿ.

ಸುಧಾರಾಣಿಯವರ ಪೈಲ್ವಾನನ ಹೆಸರು ‘ಹಮಾಲಿ’. ಅವರ ತಂದೆ ಇದೇ ಸಾಲಿನ ಗಿರಣಿಗಳಲ್ಲಿ ಮೂಟೆ ಹೊತ್ತವರು. “ನಮ್ಮಪ್ಪನೂ ಕುಳ್ಳ, ಇದೂ ಕುಳ್ಳ. ಇಬ್ರೂ ತಮಗಿಂತ ದೊಡ್ಡದನ್ನ ನೂಕಾವ್ರ,” ಎಂದು ನಗುತ್ತಾರೆ.

ತಾಯಿ ಊರಮ್ಮನವರದು ಬೇರೆಯೇ ಕತೆ. ಸಾರ್ಟರ್ ಬರುವ ಮೊದಲು ಇದೇ ಗಿರಣಿಯ ಅಂಗಳದಲ್ಲಿ ಹೆಂಗಸರು ಸಾಲಾಗಿ ಕೂತು ಅಕ್ಕಿಯಲ್ಲಿನ ಕಪ್ಪು ಕಾಳು, ಕಲ್ಲು ಆರಿಸುತ್ತಿದ್ದರು. ಊರಮ್ಮ ಆ ಸಾಲಿನಲ್ಲಿ ಎಲ್ಲರಿಗಿಂತ ಚುರುಕು. ಒಂದು ದಿನ ಲಾರಿಯಲ್ಲಿ ಪೆಟ್ಟಿಗೆ ಬಂತು, ಮರುವಾರ ಹೆಂಗಸರೆಲ್ಲ ಮನೆಗೆ ಹೋದರು. ದೇಶನೂರಿನ ಮನೆಯ ಕಟ್ಟೆಯ ಮೇಲೆ ಕೂತು ಅವರು ಅದನ್ನು ಈಗಲೂ ಸಿಟ್ಟಿನಿಂದಲೇ ಹೇಳುತ್ತಾರೆ: “ನನ್ನ ಕಣ್ಣಿಗೆ ಕರೆಂಟ್ ಬೇಕಾಗಿದ್ದಿಲ್ಲಪ್ಪಾ. ಅದಕ್ಕ ಕರೆಂಟ್ ಹೋದ್ರ ಕುರುಡು. ಆದ್ರೂ ಅದನ್ನ ಇಟ್ಕಂಡ್ರು, ನಮ್ಮನ್ನ ಕಳಿಸಿದ್ರು.”

ಆಗ ಸುಧಾರಾಣಿ ಹೈಸ್ಕೂಲು ಹುಡುಗಿ. ಅವ್ವನ ಕೂಲಿ ಕಸಿದ ಪೆಟ್ಟಿಗೆ ಹೇಗಿದೆ ನೋಡಿಯೇ ಬಿಡೋಣ ಎಂದು ಅಪ್ಪನ ಬುತ್ತಿಯ ನೆಪದಲ್ಲಿ ಗಿರಣಿಗೆ ಹೋದವರು, ಅದರ ಮುಂದೆ ನಿಂತು ಸಿಟ್ಟು ಮಾಡಿಕೊಳ್ಳುವುದನ್ನೇ ಮರೆತರಂತೆ. “ಅಷ್ಟು ಕಾಳಿನ್ಯಾಗ ಒಂದ ಕರೇ ಕಾಳು ಹೆಂಗ ಕಂಡ್ತು ಇದಕ್ಕ ಅಂತ ನಿಂತಬಿಟ್ಟೆ. ಅವ್ವಗ ಇದನ್ನ ಹೇಳಿದ್ರ ಬೈತಾಳ ಅಂತ ಹೇಳಿದ್ದಿಲ್ಲ.” ಮುಂದೆ ಬಳ್ಳಾರಿಯಲ್ಲಿ ಐಟಿಐ, ಗಾಂಧಿನಗರದ ಟಿವಿ ರಿಪೇರಿ ಅಂಗಡಿಯಲ್ಲಿ ಕೆಲಸ, ಅಂಗಡಿಯ ಯಜಮಾನರಿಗೆ ವಯಸ್ಸಾದಾಗ ಅದೇ ಅಂಗಡಿ ಇವರ ಕೈಗೆ. ಜನ ಟಿವಿ ರಿಪೇರಿ ಮಾಡಿಸುವುದನ್ನು ಬಿಟ್ಟ ಮೇಲೆ ಹೊಲಿಗೆ ಯಂತ್ರದ ಮೋಟಾರ್ ಬೋರ್ಡು, ಗಿರಣಿಯ ಬೋರ್ಡು ಹೀಗೆ ಕೈಗೆ ಬಂದದ್ದನ್ನೆಲ್ಲ ಕಲಿತರು. ಅವ್ವನನ್ನು ಮನೆಗೆ ಕಳಿಸಿದ ಯಂತ್ರಗಳಿಗೆ ಈಗ ಮಗಳೇ ಡಾಕ್ಟರು.

ರೋಬೊದ ಹುಚ್ಚು ಹಿಡಿಸಿದವಳು ಮೌನಿಕಾ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿನಿ. ಕಾಲೇಜಿನ ಪ್ರಾಜೆಕ್ಟಿಗೆ ಬೆಸುಗೆ ಹಾಕಿಸಲು ಅಂಗಡಿಗೆ ಬಂದವಳು, ಸುಮೊ ಸ್ಪರ್ಧೆಯ ವಿಡಿಯೊ ತೋರಿಸಿ, ಹೊರಗಿನವರೂ ಭಾಗವಹಿಸಬಹುದು ಎಂದು ಬಾಯಿಬಿಟ್ಟಳು. ಅಲ್ಲಿಂದ ಒಪ್ಪಂದ ಕುದುರಿತು: ಅಕ್ಕ ಅವಳಿಗೆ ಬೆಸುಗೆ ಕಲಿಸುವುದು, ಅವಳು ಅಕ್ಕನಿಗೆ ಪ್ರೋಗ್ರಾಂ ಬರೆಯುವುದು ಕಲಿಸುವುದು. ಇಬ್ಬರೂ ಒಬ್ಬರನ್ನೊಬ್ಬರು ದಡ್ಡಿ ಎಂದು ಬೈದುಕೊಳ್ಳುತ್ತಲೇ ಕಲಿತಿದ್ದಾರೆ.

ಹಮಾಲಿಯನ್ನು ಕೈಯಲ್ಲಿ ಹಿಡಿದರೆ ಈ ಜಿಲ್ಲೆಯನ್ನೇ ಹಿಡಿದಂತೆ. ಮುಂದಿನ ಇಳಿಜಾರು ಪಟ್ಟಿ ಬಳ್ಳಾರಿಯ ಜೀನ್ಸ್ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸಿ ಸವೆದ ಅಲಗು, ಮೊನೆ ಉಜ್ಜಿ ಮೊಂಡು ಮಾಡಿದ್ದು. ಎದುರಾಳಿಯ ಕೆಳಗೆ ನುಸುಳಿ ಎತ್ತಲಿಕ್ಕೆ ಇದು. ಗಾಲಿಯ ರಬ್ಬರು ಸಿರುಗುಪ್ಪದ್ದು. ಭತ್ತದ ಹೊಟ್ಟು ಸುಲಿಯುವ ರಬ್ಬರ್ ರೋಲು ಸವೆದಾಗ ಗಿರಣಿಯವರು ಎಸೆಯುತ್ತಾರಲ್ಲ, ಅದನ್ನು ಕೊಯ್ದು ಗಾಲಿಗೆ ಅಂಟಿಸಿದ್ದಾರೆ. ಅಭ್ಯಾಸದ ಕಣ ಕುರುಗೋಡಿನ ಕಲ್ಲು. ಪತಿ ಹುಲಿಗೇಶ್ ಅಲ್ಲಿ ಕಲ್ಲು ಕೊಯ್ಯುವ ಕೆಲಸದವರು. ಹೊಳಪು ಕೊಡದ ಕಪ್ಪು ಚಪ್ಪಡಿಯೊಂದನ್ನು ದುಂಡಗೆ ಕೊಯ್ದು, ಅಂಚಿಗೆ ಬಿಳಿ ಬಣ್ಣ ಬಳಿದು ಹಿತ್ತಿಲಲ್ಲಿ ಹಾಕಿಕೊಟ್ಟಿದ್ದಾರೆ. “ಬ್ಯಾರೆ ಗಂಡಂದ್ರು ಹೆಂಡ್ತಿಗೆ ಬಂಗಾರ ಕೊಡಸ್ತಾರ, ನಾನು ಬಂಡೆ ಕೊಡ್ಸೀನಿ,” ಎನ್ನುತ್ತಾರೆ ಹುಲಿಗೇಶ್.

ಹೊಟ್ಟೆಯೊಳಗಿನ ಬೋರ್ಡು ಮಾತ್ರ ಪೂರ್ತಿ ಸುಧಾರಾಣಿಯವರದು. ಸಿದ್ಧ ಬೋರ್ಡುಗಳು ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತವೆ. ಕೊಂಡು ತಂದು ತಂತಿ ಸಿಕ್ಕಿಸಿದರೆ ಕೆಲಸ ಮುಗಿಯಿತು. ಅದು ಅವರಿಗೆ ಒಗ್ಗುವುದಿಲ್ಲ. ಹಳೆಯ ಲ್ಯಾಪ್‌ಟಾಪಿನಲ್ಲಿ ನಕ್ಷೆ ಬರೆದು, ನುಣುಪು ಕಾಗದದ ಮೇಲೆ ಅಚ್ಚು ತೆಗೆದು, ತಾಮ್ರ ಹೊದಿಸಿದ ಹಲಗೆಗೆ ಇಸ್ತ್ರಿಪೆಟ್ಟಿಗೆಯಿಂದ ಒತ್ತುತ್ತಾರೆ. ಆಮೇಲೆ ಅದನ್ನು ಪ್ಲಾಸ್ಟಿಕ್ ಬುಟ್ಟಿಯಲ್ಲಿನ ರಾಸಾಯನಿಕ ದ್ರಾವಣದಲ್ಲಿ ಅಲುಗಾಡಿಸುತ್ತ ಕೂರುತ್ತಾರೆ. ಬೇಡದ ತಾಮ್ರ ಕರಗಿ, ಬೇಕಾದ ಗೆರೆಗಳಷ್ಟೇ ಉಳಿಯುತ್ತವೆ. ಮೋಟಾರಿಗೆ ಕರೆಂಟು ಹೋಗುವ ಗೆರೆಗಳ ಮೇಲೆ ದಪ್ಪ ತಾಮ್ರದ ತಂತಿ ಮಲಗಿಸಿ ಬೆಸುಗೆ ಹಾಕುತ್ತಾರೆ. ಎದುರಾಳಿಗೆ ತಲೆ ಕೊಟ್ಟು ನಿಂತಾಗ ಮೋಟಾರು ತಿರುಗಲಾರದೆ ಕರೆಂಟನ್ನು ಗಟಗಟ ಕುಡಿಯುತ್ತದೆ, ತೆಳು ಗೆರೆಯಾದರೆ ಸುಟ್ಟೇ ಹೋಗುತ್ತದೆ.

ಇಷ್ಟೆಲ್ಲ ತಾಪತ್ರಯ ಯಾಕೆ ಎಂದು ಕೇಳಿದರೆ ಹೇಳುತ್ತಾರೆ: “ರಿಪೇರಿ ಅಂದ್ರ ಇನ್ನೊಬ್ರು ಬರೆದದ್ದನ್ನ ತಿದ್ದೋದ್ರಿ. ಇಷ್ಟು ವರ್ಷ ತಿದ್ದೀನಿ. ನಾನೂ ಒಂದು ಬರೀಬೇಕಲ್ಲ?”

ಹಾಗೆ ಬರೆದ ಮೊದಲ ಬೋರ್ಡನ್ನು ಹೊತ್ತು ಕಳೆದ ವರ್ಷ ಬಳ್ಳಾರಿಯ ಕಾಲೇಜೊಂದರ ಸ್ಪರ್ಧೆಗೆ ಹೋದರು. ಮನೆಯ ಕಲ್ಲಿನ ಮೇಲೆ ಹಮಾಲಿ ಎಷ್ಟು ಸಲ ಆಡಿತ್ತೋ ಲೆಕ್ಕವಿಲ್ಲ, ಒಮ್ಮೆಯೂ ಅಂಚು ದಾಟಿರಲಿಲ್ಲ. ಸ್ಪರ್ಧೆಯಲ್ಲಿ ಮೊದಲ ಸೀಟಿ ಊದಿದ್ದೇ ತಡ, ಕಣದ ನಡುವೆ ಅದು ಬೆಂಕಿ ತುಳಿದವರಂತೆ ಹಿಂದೆ ಹಿಂದೆ ಸರಿಯಿತು, ಗಿರ್ರನೆ ತಿರುಗಿತು, ಬಿಳಿಯ ಅಂಚು ಸಿಕ್ಕ ಕೂಡಲೇ ಸಮಾಧಾನ ಹೊಂದಿ, ನೆಟ್ಟಗೆ ಮುಂದೆ ನಡೆದು ಕೆಳಗೆ ಬಿತ್ತು. ಎದುರಾಳಿ ಇನ್ನೂ ಜಾಗ ಬಿಟ್ಟು ಕದಲಿರಲಿಲ್ಲ. ಎರಡನೆಯ ಸಲವೂ ಅದೇ ಕತೆ. ಸಭಾಂಗಣ ಬಿದ್ದು ಬಿದ್ದು ನಕ್ಕಿತು.

“ಎಲ್ಲಾರೂ ನಕ್ಕರು, ನಾನೂ ನಕ್ಕೆ. ನಗಲಾರದ ಏನ್ ಮಾಡ್ಲಿ? ಕುರುಗೋಡಿಗೆ ಹೋಗೋ ಬಸ್ಸಿನ್ಯಾಗ ಮಾತ್ರ ಕಿಟಕಿ ಕಡಿ ಮುಖ ಮಾಡಿ ಕುಂತಿದ್ದೆ. ಸತ್ತುಬಿಡ್ಲೇನು ಅನಿಸಿತ್ತು.”

ಕಾರಣ ಹೊಳೆದದ್ದು ಮೌನಿಕಾಳಿಗೆ. ಮರುದಿನ ಅಂಗಡಿಗೆ ಬಂದವಳು ಕೇಳಿದ್ದು ಒಂದೇ ಪ್ರಶ್ನೆ: “ಅಕ್ಕಾ, ಇದನ್ನ ಮೊದ್ಲು ಎಲ್ಲಿಟ್ಟು ಆನ್ ಮಾಡಿದ್ರಿ?”

“ತೂಕ ಮಾಡೋ ಮೇಜಿನ ಮ್ಯಾಲೆ. ಕಾಯ್ಲಿ ಅಂತ ಮೊದ್ಲ ಹಚ್ಚಿಟ್ಟಿದ್ದೆ.”

“ಮೇಜಿನ ಮ್ಯಾಲೆ ಬಿಳೇ ಬಟ್ಟಿ ಹಾಸಿದ್ರಲ್ಲಕ್ಕಾ!”

ಹಮಾಲಿಯನ್ನು ಸುಧಾರಾಣಿ ಸಾರ್ಟರಿನ ರೀತಿಯಲ್ಲೇ ಬೆಳೆಸಿದ್ದರು. ಗುಂಡಿ ಒತ್ತಿದ ಕೂಡಲೇ ಅದು ಕಾಲಡಿಯ ನೆಲವನ್ನು ನೋಡಿ ‘ಇದೇ ನನ್ನ ಕಣ’ ಎಂದು ಕಲಿಯುತ್ತಿತ್ತು. ಬೇರೆ ಬಣ್ಣ ಕಂಡರೆ ಅಂಚು ಎಂದು ತಿಳಿಯುತ್ತಿತ್ತು. ಮನೆಯಲ್ಲಿ ಅದು ಸದಾ ಕಪ್ಪು ಕಲ್ಲಿನ ಮೇಲೆಯೇ ಇರುತ್ತಿತ್ತು, ಹಚ್ಚುವುದೂ ಅಲ್ಲಿಯೇ, ಕಾಯುವುದೂ ಅಲ್ಲಿಯೇ. ಸ್ಪರ್ಧೆಯಲ್ಲಿ ಗಿರಣಿಯ ಪದ್ಧತಿಯಂತೆ ಮೊದಲೇ ಹಚ್ಚಿ ಬಿಳಿ ಬಟ್ಟೆಯ ಮೇಲೆ ಕಾಯಲು ಇಟ್ಟದ್ದೇ ಎಡವಟ್ಟಾಯಿತು. ಬಿಳಿಯೇ ತವರು ಎಂದು ಕಲಿತ ಹಮಾಲಿಗೆ ಕಪ್ಪು ಕಣವೆಲ್ಲ ಅಂಚಾಗಿ ಕಂಡಿತು. ಕಾಲೇಜು ಹುಡುಗರಾದರೆ ಕಣದ ಮೇಲಿಟ್ಟ ಮೇಲೆಯೇ ಆನ್ ಮಾಡುತ್ತಾರೆ. ಈ ತಪ್ಪು ಮಾಡಲು ಗಿರಣಿಯ ನೀರು ಕುಡಿದಿರಬೇಕು.

ತಪ್ಪು ತಿದ್ದಿದ್ದು ಸುಲಭ. ಹಮಾಲಿಯ ಬೆನ್ನ ಮೇಲೆ ಈಗ ಇನ್ನೊಂದು ಸಣ್ಣ ಗುಂಡಿ ಇದೆ. ಕಣದಲ್ಲಿಟ್ಟು ಅದನ್ನು ಒತ್ತಿದರೆ ಮಾತ್ರ ಅದು ನೆಲ ಕಲಿಯುತ್ತದೆ. ತಿದ್ದಲಾಗದ್ದು ಬೇರೆ ಇತ್ತು. ಆ ದಿನದ ವಿಡಿಯೊ ಯಾರದೋ ಫೋನಿನಿಂದ ಯಾರದೋ ಫೋನಿಗೆ ಹಾರುತ್ತ ಸಿರುಗುಪ್ಪಕ್ಕೂ ಬಂತು, ಕಾಡಸಿದ್ದಪ್ಪನವರ ಕೈಗೂ ಸಿಕ್ಕಿತು.

ಅವರ ಗಿರಣಿಯಲ್ಲಿ ಎರಡು ಸಾರ್ಟರುಗಳಿವೆ. ನಾನು ಹೋದ ನಸುಕಿನಲ್ಲಿ ಎರಡನೆಯದರ ಮೇಲೆ ಗೋಣಿಚೀಲ ಹೊದಿಸಿತ್ತು. ಗಾಳಿಕೊಳವೆಗಳಿಗೆ ಅಪ್ಪಣೆ ಕೊಡುವ ಅದರ ಬೋರ್ಡು ಸುಟ್ಟಿದೆ, ತಯಾರಿಸುವವರು ಈಗ ಆ ಬೋರ್ಡು ಮಾಡುವುದಿಲ್ಲ. ಉಳಿದದ್ದೆಲ್ಲ ಗಟ್ಟಿಯಾಗಿದೆ. ‘ಬೋರ್ಡು ನಾನು ಮಾಡಿಕೊಡುತ್ತೇನೆ’ ಎಂದು ಸುಧಾರಾಣಿ ಎಷ್ಟು ದಿನದಿಂದ ಹೇಳುತ್ತಿದ್ದಾರೋ ಅಷ್ಟೇ ದಿನದಿಂದ ಸಾಹುಕಾರರು ಮೀಸೆಯಡಿ ನಗುತ್ತಿದ್ದಾರೆ. ಹೊಸ ಭತ್ತ ಬರುವ ಮೊದಲು ಯಂತ್ರವನ್ನು ಗುಜರಿಗೆ ಹಾಕುವುದೆಂದು ತೀರ್ಮಾನವೂ ಆಗಿದೆ.

“ರಿಪೇರಿ ಮಾಡ್ತಾಳ್ರಿ, ಇಕಿ ಕೈ ಚಲೋ ಐತಿ. ಅದಕ್ಕ ನಾನ ಇಲ್ಲ ಅನ್ನಂಗಿಲ್ಲ,” ಎನ್ನುತ್ತಾರೆ ಕಾಡಸಿದ್ದಪ್ಪ. “ಆದ್ರ ಹೊಸಾದು ಮಾಡೋದು ಬ್ಯಾರೆ. ಆಟದ ಸಾಮಾನಿನ್ಯಾಗ ನಿಂದ್ರಲಾರದ್ದು ನನ್ನ ಗಿರಣ್ಯಾಗ ಹೆಂಗ ನಿಂದ್ರತೈತಿ?”

ಕುಟುಕು ಮಾತು, ಆದರೆ ಸುಳ್ಳಲ್ಲ. ರೋಬೊ ಮತ್ತು ಸಾರ್ಟರ್ ಎರಡರ ಬೋರ್ಡಿನ ಕೆಲಸವೂ ಒಂದೇ: ಕಣ್ಣಿಗೆ ಕಂಡ ಕೂಡಲೇ ಒದೆಯಬೇಕು, ಮತ್ತೆ ಮತ್ತೆ ಒದ್ದರೂ ಸುಡಬಾರದು. ಸುಧಾರಾಣಿ ಅದೇ ಮಾತನ್ನು ಹಿಡಿದುಕೊಂಡರು. “ಹಂಗಾದ್ರ ಈ ವರ್ಷ ಬಂದು ಕಣ್ಣಾರ ನೋಡ್ರಿ ಸಾವ್ಕಾರ್ರ. ಅದು ನಿಂತ್ರ ಮಿಷಿನ್ ನನಗ ಬಿಡ್ರಿ. ಸುಟ್ರ ನಾನ ಗುಜರಿಯವ್ನ ಲಾರಿಗೆ ಎತ್ತಿ ಹಾಕ್ತೀನಿ.” ಸಾಹುಕಾರರು ಒಪ್ಪಿದರು. ಸವಾಲು ಅಂದರೆ ಅವರಿಗೂ ಚಪಲ.

ಭಾನುವಾರ ಬಳ್ಳಾರಿಯ ಕಾಲೇಜಿನ ಸಭಾಂಗಣ. ಹುಡುಗ ಹುಡುಗಿಯರ ಗದ್ದಲದ ನಡುವೆ ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಿಳಿ ಧೋತರ, ಹೆಗಲ ಮೇಲೆ ಟವೆಲು, ಕಾಡಸಿದ್ದಪ್ಪನವರು ಬೀಗರ ಮನೆಗೆ ಬಂದವರಂತೆ ಬಿಗಿಯಾಗಿ ಕೂತಿದ್ದಾರೆ. ತೂಕದ ಮೇಜಿನ ಮೇಲೆ ಈ ಸಲವೂ ಬಿಳಿ ಬಟ್ಟೆ. ಸುಧಾರಾಣಿ ಹಮಾಲಿಯನ್ನು ತಕ್ಕಡಿಗೆ ಕೊಡುತ್ತಾರೆ, ವಾಪಸು ಪಡೆಯುತ್ತಾರೆ, ಮೇಜಿಗೆ ಸೋಕಿಸದೆ ಸೆರಗಿನಲ್ಲಿ ಸುತ್ತಿಕೊಳ್ಳುತ್ತಾರೆ. ಮೌನಿಕಾ ದೂರದಿಂದಲೇ ಕೈ ಬೀಸಿ ನಗುತ್ತಾಳೆ. ಅವಳ ತಂಡದ ‘ಕೋಣ’ವೂ ಕಣದಲ್ಲಿದೆ.

ಮೊದಲ ಎದುರಾಳಿಗೆ ಹಮಾಲಿ ಕುಡಿಯಲು ನೀರೂ ಕೊಡುವುದಿಲ್ಲ. ಸೀಟಿ ಊದಿದ ಮೇಲೆ ಎಲ್ಲ ರೋಬೊಗಳೂ ಐದು ಸೆಕೆಂಡು ಕದಲದೆ ನಿಲ್ಲಬೇಕು. ಆಮೇಲೆ ಹಮಾಲಿ ಸರ್ರನೆ ನುಗ್ಗಿ, ಜೀನ್ಸ್ ಅಲಗನ್ನು ಎದುರಾಳಿಯ ಕೆಳಗೆ ತೂರಿಸಿ, ಗಾಲಿ ಎತ್ತಿಸಿ ಹೊರಗೆ ತಳ್ಳುತ್ತದೆ. ಎರಡನೆಯದೂ ಹಾಗೆಯೇ. ಮೂರನೆಯದು ಸ್ವಲ್ಪ ಜಾಣ, ಪಕ್ಕಕ್ಕೆ ಸರಿದು ಬೆನ್ನಿಗೆ ಬರುತ್ತದೆ. ಹಮಾಲಿ ಅಂಚಿನ ತನಕ ಜಾರಿ, ಬಿಳಿ ಕಂಡು, ಹಿಂದೆ ಸರಿದು, ತಿರುಗಿ ನಿಲ್ಲುತ್ತದೆ. ಆ ಒಂದು ಹೆಜ್ಜೆ ಹಿಂದೆ ಸರಿದದ್ದಕ್ಕೆ ಸುಧಾರಾಣಿ ಗೆದ್ದಾಗಿನದಕ್ಕಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಾರೆ. ಅಕ್ಕಪಕ್ಕದವರಿಗೆ ಯಾಕೆಂದು ತಿಳಿಯುವುದಿಲ್ಲ.

ಫೈನಲ್ಲಿಗೆ ಉಳಿದದ್ದು ಹಮಾಲಿ ಮತ್ತು ಕೋಣ, ಅಕ್ಕ ಮತ್ತು ಮೌನಿಕಾ. ಮೂರರಲ್ಲಿ ಎರಡು ಗೆದ್ದವರಿಗೆ ಪಾರಿತೋಷಕ. ಮೊದಲನೆಯದು ಹಮಾಲಿಗೆ, ಎರಡನೆಯದು ಕೋಣಕ್ಕೆ. ಮೂರನೆಯದರಲ್ಲಿ ಎರಡೂ ಕಣದ ನಟ್ಟನಡುವೆ ತಲೆಗೆ ತಲೆ ಕೊಟ್ಟು ನಿಂತುಬಿಡುತ್ತವೆ. ಯಾವುದೂ ಹಿಂದೆ ಸರಿಯುತ್ತಿಲ್ಲ. ಗಾಲಿಗಳು ಕೀರಲು ದನಿಯಲ್ಲಿ ಉಜ್ಜುತ್ತಿವೆ. ಸಭಾಂಗಣ ಗಪ್‌ಚಿಪ್. ಇದ್ದಕ್ಕಿದ್ದಂತೆ ಏನೋ ಸುಟ್ಟ ವಾಸನೆ.

“ಅಕ್ಕಾ, ವಾಸ್ನಿ ಬರಾಕತ್ತೈತಿ. ನಿಲ್ಸಬೇಕಂದ್ರ ಹೇಳ್ರಿ, ನಂದೇನ್ ತಕರಾರಿಲ್ಲ,” ಎನ್ನುತ್ತಾಳೆ ಮೌನಿಕಾ. ಅವಳ ಮುಖದಲ್ಲಿ ನಿಜವಾದ ಗಾಬರಿ ಇದೆ. ಈ ಬೋರ್ಡಿನ ಮೇಲೆ ಏನು ಪಣ ಕಟ್ಟಿದ್ದಾರೆಂದು ಅವಳಿಗೆ ಗೊತ್ತು. ಆಟ ನಿಲ್ಲಿಸಿದರೆ ಸೋಲು, ಆದರೆ ಬೋರ್ಡು ಉಳಿಯುತ್ತದೆ. ನಿಲ್ಲಿಸದಿದ್ದರೆ ಸಾಹುಕಾರರ ಕಣ್ಣೆದುರೇ ಹೊಗೆ ಏಳಬಹುದು.

ಸುಧಾರಾಣಿ ಮೂಗೇರಿಸಿ ಒಮ್ಮೆ ಆಳವಾಗಿ ಉಸಿರೆಳೆದುಕೊಳ್ಳುತ್ತಾರೆ. “ನಡೀಲಿ,” ಎನ್ನುತ್ತಾರೆ.

ಅಷ್ಟರಲ್ಲಿ ಮುಂದಿನ ಸಾಲಿನಿಂದ ಒಂದು ಗಡಸು ದನಿ: “ಅದು ರೋಲಿನ ವಾಸ್ನಿ! ರಬ್ಬರು! ಬೋರ್ಡಲ್ಲ ಅದು, ಬಿಡು ಬಿಡು!” ಕಾಡಸಿದ್ದಪ್ಪನವರು ಕುರ್ಚಿ ಬಿಟ್ಟು ಎದ್ದಿದ್ದಾರೆ, ಟವೆಲು ಕೈಗೆ ಬಂದಿದೆ. ಇಡೀ ಸಭಾಂಗಣ ಅವರತ್ತ ತಿರುಗುತ್ತದೆ. ಭತ್ತ ಸುಲಿಯುವ ರೋಲು ಕಾದಾಗ ಬರುವ ವಾಸನೆ ಆ ಹೊತ್ತು ಆ ಕೋಣೆಯಲ್ಲಿ ಗುರುತು ಸಿಕ್ಕದ್ದು ಇಬ್ಬರಿಗೇ. ಗಿರಣಿ ನಡೆಸುವವರಿಗೆ ಮತ್ತು ಗಿರಣಿಗೆ ಮದ್ದು ಮಾಡುವವರಿಗೆ.

ರಬ್ಬರು ಹೌದು. ಅದೇ ಕೈಕೊಟ್ಟದ್ದೂ ಹೌದು. ಕಾದು ಮೆತ್ತಗಾದ ಎಡಗಾಲಿಯ ರಬ್ಬರು ಅಂಟು ಬಿಟ್ಟು ಸುಲಿದುಕೊಂಡಿತು. ಹಮಾಲಿ ಓರೆಯಾಯಿತು, ಕೋಣ ಹೆಗಲು ಕೊಟ್ಟು ನೂಕಿತು. ಹಮಾಲಿ ಅಂಚು ದಾಟಿ ನೆಲಕ್ಕೆ ಬಿದ್ದು ಅಂಗಾತವಾಯಿತು. ಹುಡುಗರು ಕುಣಿಯತೊಡಗಿದರು. ಮೌನಿಕಾ ಪಾರಿತೋಷಕದ ಕಡೆ ಹೋಗದೆ ಅಕ್ಕನನ್ನು ತಬ್ಬಿಕೊಂಡಳು. ಅಕ್ಕನ ಕಣ್ಣು ಒದ್ದೆಯಾಗಿತ್ತು. ಆಮೇಲೆ ಕೇಳಿದಾಗ ಮುಚ್ಚುಮರೆಯಿಲ್ಲದೆ ಹೇಳಿದರು: “ಹೊಟ್ಟಿ ಉರೀತು. ಅಕಿ ನನ್ನ ತಂಗಿ ಇದ್ದಂಗ, ಆದ್ರೂ ಉರೀತು. ಗೆಲ್ಲಾಕ ಹೋಗಿದ್ದೆ, ಸೋಲಾಕಲ್ಲ.”

ನೆಲದ ಮೇಲೆ ಅಂಗಾತ ಬಿದ್ದ ಹಮಾಲಿಯ ಗಾಲಿಗಳು ಮಾತ್ರ ತಿರುಗುತ್ತಲೇ ಇದ್ದವು. ಅದನ್ನು ಮೊದಲು ನೋಡಿದವರು ಕಾಡಸಿದ್ದಪ್ಪ. ಮಂಡಿಯೂರಿ ಕೂತು, ಹೊಟ್ಟೆಯ ಕಡೆ ಬೆರಳು ತೋರಿಸಿದರು.

“ಇದೇನ ನಿನ್ನ ಬೋರ್ಡು?”

“ಹೌದ್ರಿ.”

ಮುಟ್ಟಿ, ಬೆರಳನ್ನು ಚಟ್ಟನೆ ಹಿಂದೆ ತೆಗೆದರು. “ಬಿಸಿ ಐತಲ್ಲ?”

“ದುಡದೈತಲ್ರಿ. ಬಿಸಿ ಆಗಾಕಬೇಕು.”

“ಸುಟ್ಟಿಲ್ಲ?”

“ಸುಟ್ಟಿದ್ರ ಗಾಲಿ ಎಲ್ಲಿ ತಿರುಗ್ತಿದ್ವು ಸಾವ್ಕಾರ್ರ?”

ಸಾಹುಕಾರರು ಮೊಣಕಾಲು ಹಿಡಿದುಕೊಂಡು ಎದ್ದರು. ಬೆರಳು ಇನ್ನೂ ಉರಿಯುತ್ತಿತ್ತೇನೋ, ಟವೆಲಿನಲ್ಲಿ ಸುತ್ತಿಕೊ‌ಂಡಿದ್ದರು. “ಗಾಲಿ ಸೋತೈತಿ, ನೀ ಸೋತಿಲ್ಲ. ಸೋಮಾರ ಬಾ. ಮಿಷಿನ್ ಮ್ಯಾಗಳ ಚೀಲ ತೆಗಸ್ತೀನಿ,” ಎಂದವರೇ ಬಾಗಿಲ ಕಡೆ ನಡೆದರು. ಬಾಗಿಲಲ್ಲಿ ನಿಂತು ತಿರುಗಿ, “ರೋಲು ಹಳೇದು ಯಾಕ ಹಚ್ಚಿದಿ? ಕೇಳಿದ್ರ ಹೊಸಾದು ಕೊಡ್ತಿದ್ದಿಲ್ಲೇನು?” ಎಂದು ಬೈದೇ ಹೋದರು.

ಸಾರ್ಟರಿನ ಬೋರ್ಡು ಹಮಾಲಿಯದಕ್ಕಿಂತ ಬಹಳ ದೊಡ್ಡದು. ಕುರುಗೋಡಿನ ಹಿತ್ತಿಲಲ್ಲಿ ಬುಟ್ಟಿ ಸಾಲದೆ ಎಮ್ಮೆಗೆ ನೀರಿಡುವಷ್ಟು ಅಗಲದ ತೊಟ್ಟಿ ತಂದರು. ಮೊದಲ ಹಲಗೆಯಲ್ಲಿ ತಾಮ್ರ ಸರಿಯಾಗಿ ಕರಗಲಿಲ್ಲ, ಎರಡನೆಯದು ಇಸ್ತ್ರಿಯ ಬಿಸಿಗೆ ಸೊಟ್ಟಗಾಯಿತು. ಮೂರನೆಯದಕ್ಕೆ ಹುಲಿಗೇಶ್ ಕಲ್ಲಿನ ಚಪ್ಪಡಿ ಹೇರಿ ಒತ್ತಿ ಕೊಟ್ಟರು. ಮೌನಿಕಾ ಪರೀಕ್ಷೆ ಇದ್ದರೂ ಬಂದು ಪ್ರೋಗ್ರಾಮಿನ ಸಾಲುಸಾಲು ಓದಿ ತಪ್ಪು ಹೆಕ್ಕಿದಳು.

ಬೋರ್ಡು ಕೂರಿಸುವ ನಸುಕಿನಲ್ಲಿ ನಾನೂ ಗಿರಣಿಯಲ್ಲಿದ್ದೆ. ಊರಮ್ಮನೂ ಬಂದಿದ್ದರು. ಮನೆಗೆ ಕಳಿಸಿದ ಮೇಲೆ ಅವರು ಆ ಹೊಸ್ತಿಲು ತುಳಿದದ್ದು ಅದೇ ಮೊದಲು. ಗೋಣಿಚೀಲ ತೆಗೆದರು, ದೀಪ ಹಚ್ಚಿದರು, ಕಾಯಲು ಬಿಟ್ಟರು. ಅಕ್ಕಿ ಇಳಿಯಿತು, ಪಿಟ್ ಪಿಟ್ ಸದ್ದು ಶುರುವಾಯಿತು. ಕೆಳಗಿನ ಬಾಯಿಂದ ಬಂದ ಅಕ್ಕಿಯನ್ನು ಊರಮ್ಮ ಬೊಗಸೆಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಬಹಳ ಹೊತ್ತು ನೋಡಿದರು. ಸಾಹುಕಾರರೂ ಕಾದರು. “ನಡೀತೈತಿ,” ಎಂದರು ಊರಮ್ಮ. ಸುಧಾರಾಣಿ ಯಂತ್ರದ ಹಿಂದಕ್ಕೆ ಹೋದರು, ಸ್ವಲ್ಪ ಹೊತ್ತು ಬರಲಿಲ್ಲ.

ಯಂತ್ರದ ಬಾಗಿಲು ಮುಚ್ಚುವ ಮುಂಚೆ ಕಾಡಸಿದ್ದಪ್ಪ ಒಂದು ವ್ಯವಹಾರದ ಮಾತು ಕೇಳಿದರು. “ಮೊದ್ಲಿನ ಬೋರ್ಡಿಗಾದ್ರ ಕಂಪನಿ ಚೀಟಿ ಹಚ್ಚಿತ್ತು. ಇದು ಕೆಟ್ರ ಯಾರಿಗೆ ಹೇಳೋದು?” ಸುಧಾರಾಣಿ ಜೇಬಿನಿಂದ ಮಾರ್ಕರ್ ಪೆನ್ನು ತೆಗೆದು, ಬೋರ್ಡಿನ ಮೂಲೆಯಲ್ಲಿ ತಮ್ಮ ಹೆಸರನ್ನೂ ಫೋನ್ ನಂಬರನ್ನೂ ದೊಡ್ಡದಾಗಿ ಬರೆದರು. “ನನಗ ಹೇಳ್ರಿ,” ಎಂದರು.

ಈಗ ಹೊಸ ಭತ್ತ ಬಂದಿದೆ. ಸಿರುಗುಪ್ಪದ ರಸ್ತೆಯ ತುಂಬ ಲಾರಿ, ಟ್ರ್ಯಾಕ್ಟರು. ಗಿರಣಿಗಳಿಗೆ ಹಗಲು ರಾತ್ರಿ ಎಂಬುದಿಲ್ಲ. ಗಾಂಧಿನಗರದ ಅಂಗಡಿಯಲ್ಲಿ ಸುಧಾರಾಣಿ ಹಮಾಲಿಗೆ ಹೊಸ ಗಾಲಿ ಕೊಯ್ಯುತ್ತಿದ್ದಾರೆ, ಈ ಸಲ ಸಾಹುಕಾರರೇ ಕೊಟ್ಟ ಹೊಸ ರೋಲಿನಿಂದ. ಮುಂದಿನ ವರ್ಷ ಕೋಣವನ್ನು ಬಿಡುವುದಿಲ್ಲ ಎಂದು ಮೌನಿಕಾಳಿಗೆ ಆಗಲೇ ಎಚ್ಚರಿಕೆ ಹೋಗಿದೆ. ಪತ್ರಿಕೆಯವರ ಕಡೆಯ ಪ್ರಶ್ನೆ ಇರುತ್ತದಲ್ಲ, ಅದನ್ನು ನಾನೂ ಕೇಳುತ್ತೇನೆ: ನಿಮ್ಮ ಆಸೆ ಏನು?

“ಆಸೆ ಏನ್ರಿ? ಈ ಸುಗ್ಗಿ ಮುಗಿಯೂತನ ಆ ಗಿರಣಿಂದ ಫೋನ್ ಬರಬಾರ್ದು. ಅಷ್ಟ. ಫೋನ್ ಬರ್ಲಿಲ್ಲ ಅಂದ್ರ ಬೋರ್ಡು ಬದುಕೈತಿ ಅಂತ.”

ಮಾತು ಮುಗಿಯುವಷ್ಟರಲ್ಲಿ ಮೇಜಿನ ಮೇಲಿನ ಫೋನು ಬಡಿದುಕೊಳ್ಳುತ್ತದೆ. ಕಾಡಸಿದ್ದಪ್ಪನವರ ಹೆಸರು. ಸುಧಾರಾಣಿಯವರ ಮುಖ ಇಳಿದುಹೋಗುತ್ತದೆ. ಕೈಯಲ್ಲಿನ ರಬ್ಬರು ಕೆಳಗಿಟ್ಟು, ಸ್ಪೀಕರ್ ಒತ್ತುತ್ತಾರೆ. ಆ ಕಡೆಯಿಂದ ಗಿರಣಿಯ ಗದ್ದಲ ಕೇಳಿಸುತ್ತದೆ.

“ಏನಾತ್ರಿ ಸಾವ್ಕಾರ್ರ?”

“ಏನಿಲ್ಲ ತಂಗಿ. ಮಿಷಿನ್ ಚಲೋ ನಡದೈತಿ. ಹೊಸ ಭತ್ತ ಬಂದಾಗಿಂದ ಒಮ್ಮಿನೂ ನಿಂತಿಲ್ಲ. ನಿನಗ ಹೇಳೋಣ ಅನಿಸ್ತು, ಮಾಡ್ದೆ.”

ಸುಧಾರಾಣಿ ಎದೆಯ ಮೇಲೆ ಕೈಯಿಟ್ಟುಕೊಂಡು ಕುರ್ಚಿಗೆ ಒರಗುತ್ತಾರೆ. “ಚಲೋ ನಡದ್ರ ಫೋನ್ ಮಾಡಬ್ಯಾಡ್ರಿ ಸಾವ್ಕಾರ್ರ! ನನ್ನ ಎದಿ ಒಡದು ಹೋಗ್ತೈತಿ!” ಎಂದು ಗದರಿಸಿ ಫೋನಿಡುತ್ತಾರೆ.

ಆಮೇಲೆ ನನ್ನ ಕಡೆ ತಿರುಗುತ್ತಾರೆ. ನಾನು ಎಲ್ಲವನ್ನೂ ಕೇಳಿಸಿಕೊಂಡಿದ್ದೇನೆ, ಅದು ಅವರಿಗೂ ಗೊತ್ತು. ಆದರೂ ಹೇಳುತ್ತಾರೆ.

“ಒಮ್ಮಿನೂ ನಿಂತಿಲ್ಲಂತ್ರಿ.”